ಇಂಗ್ರಿಡ್ ಬರ್ಗ್‌ಮನ್: ಸ್ಟ್ರಾಂಬೊಲಿಯ ಹಿಂದೆ ಮುಂದೆ

1950ರ ಮಾರ್ಚ್ 14. ಅಮೆರಿಕದ ಸೆನೆಟ್ಟಿನಲ್ಲಿ ಕೊಲರಾಡೊ ರಾಜ್ಯದ ಸದಸ್ಯ ಎಡ್ವಿನ್ ಜಾನ್ಸನ್ ಎದ್ದು ನಿಂತು ಸಿನಿಮಾ ನಟಿಯೊಬ್ಬರ ವಿರುದ್ಧ ಭಾಷಣ ಮಾಡಿದರು. ದೇಶದ ಮುಂದೆ ಆಗ ಬೇರೆ ವಿಷಯಗಳಿಗೇನೂ ಬರವಿರಲಿಲ್ಲ. ಸೆನೆಟರ್ ಮೆಕಾರ್ತಿ ಕಮ್ಯುನಿಸ್ಟರ ಪಟ್ಟಿ ತನ್ನ ಬಳಿ ಇದೆಯೆಂದು ಸಾರಿ ತಿಂಗಳು ಕಳೆದಿತ್ತಷ್ಟೆ. ಕೊರಿಯಾದಲ್ಲಿ ಯುದ್ಧ ಶುರುವಾಗಲು ಮೂರೇ ತಿಂಗಳು ಬಾಕಿ ಇತ್ತು. ಆದರೂ ಶಾಸನಸಭೆಯ ಸಮಯ ಒಬ್ಬ ಹೆಣ್ಣಿನ ಖಾಸಗಿ ಬದುಕಿಗೆ ಮೀಸಲಾಯಿತು. ಆಕೆ ಕೆಡುಕಿನ ದೊಡ್ಡ ಶಕ್ತಿ ಎಂದರು ಜಾನ್ಸನ್. ನೀತಿಗೆಟ್ಟ ವಿದೇಶಿಯರನ್ನು ದೇಶದೊಳಗೆ ಬಿಡಬಾರದೆಂಬ ಕಾನೂನು ಈಕೆಗೂ ಅನ್ವಯಿಸಬೇಕು ಎಂದರು. ಅಷ್ಟಕ್ಕೇ ನಿಲ್ಲದೆ, ನಟನಟಿಯರು, ನಿರ್ಮಾಪಕರು, ಚಿತ್ರಗಳು ಎಲ್ಲಕ್ಕೂ ಸರ್ಕಾರದಿಂದ ಪರವಾನಗಿ ಕಡ್ಡಾಯ ಮಾಡುವ ಮಸೂದೆಯನ್ನೂ ಮುಂದಿಟ್ಟರು.

ಆ ನಟಿ ಇಂಗ್ರಿಡ್ ಬರ್ಗ್‌ಮನ್. ಆಗ ಮೂವತ್ತನಾಲ್ಕರ ಹರೆಯ. ಆರು ವಾರಗಳ ಹಿಂದೆ ರೋಮ್ ನಗರದಲ್ಲಿ ಗಂಡುಮಗುವನ್ನು ಹೆತ್ತಿದ್ದರು. ಮಗುವಿನ ತಂದೆ ಇಟಲಿಯ ನಿರ್ದೇಶಕ ರೊಬೆರ್ತೊ ರೊಸ್ಸೆಲ್ಲಿನಿ. ಹೆರಿಗೆಯ ದಿನ ಅವರಿಬ್ಬರ ಮದುವೆಯಾಗಿರಲಿಲ್ಲ. ಹಾಲಿವುಡ್ಡಿನಲ್ಲಿ ಪ್ರಣಯದ ಹಗರಣಗಳಿಗೆ ಎಂದೂ ಕೊರತೆ ಇರಲಿಲ್ಲ. ಮೂರು ನಾಲ್ಕು ಮದುವೆಯಾದವರು, ಮದುವೆಯ ಹೊರಗಿನ ನಂಟನ್ನು ಎಲ್ಲರಿಗೂ ಗೊತ್ತಿದ್ದೇ ನಡೆಸಿದವರು ಬೇಕಾದಷ್ಟಿದ್ದರು. ಇವರೊಬ್ಬರ ಮೇಲೆಯೇ ಅಷ್ಟು ಸಿಟ್ಟೇಕೆ ಎಂಬುದಕ್ಕೆ ಉತ್ತರ ಆ ಪ್ರಣಯದಲ್ಲಿಲ್ಲ. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಜನರಿಗೆ ಇವರನ್ನು ಹೇಗೆ ತೋರಿಸಲಾಗಿತ್ತು ಎಂಬುದರಲ್ಲಿದೆ.

ಇಂಗ್ರಿಡ್ ಹುಟ್ಟಿದ್ದು 1915ರ ಆಗಸ್ಟ್ 29ರಂದು, ಸ್ಟಾಕ್‌ಹೋಮ್‌ನಲ್ಲಿ. ತಾಯಿ ಜರ್ಮನಿಯವರು, ಮಗುವಿಗೆ ಎರಡು ವರ್ಷ ದಾಟುತ್ತಿದ್ದಂತೆ ತೀರಿಕೊಂಡರು. ತಂದೆ ಯುಸ್ಟುಸ್ ಫೋಟೊ ಅಂಗಡಿ ಇಟ್ಟಿದ್ದ, ಚಿತ್ರ ಬರೆಯುವ ಹುಚ್ಚಿದ್ದ ಮನುಷ್ಯ. ಮಗಳ ಹುಟ್ಟುಹಬ್ಬಗಳನ್ನೆಲ್ಲ ಮೂವಿ ಕ್ಯಾಮೆರಾದಲ್ಲಿ ಹಿಡಿದಿಟ್ಟವರು. ತಾಯಿಯ ಮಡಿಲಲ್ಲಿ ಕುಳಿತ ಕೂಸು, ತಾಯಿಯ ಸಮಾಧಿಗೆ ಹೂವಿಡುವ ಪುಟ್ಟ ಹುಡುಗಿ, ಎಲ್ಲವೂ ಆ ರೀಲುಗಳಲ್ಲಿವೆ. ತನ್ನನ್ನು ಪ್ರೀತಿಯಿಂದ ನೋಡುವ ಕಣ್ಣು ಎಂದರೆ ಕ್ಯಾಮೆರಾದ ಕಣ್ಣು ಎಂಬ ಭಾವ ಆ ಮಗುವಿನ ಮನಸ್ಸಿನಲ್ಲಿ ಅಂದೇ ಬೇರೂರಿರಬೇಕು ಎಂದು ನನಗೆ ಅನ್ನಿಸುತ್ತದೆ. ಹದಿಮೂರನೆಯ ವಯಸ್ಸಿಗೆ ತಂದೆಯೂ ಹೋದರು. ಸಾಕಲು ಬಂದ ಸೋದರತ್ತೆಯೂ ಕೆಲವೇ ತಿಂಗಳಲ್ಲಿ ಕಣ್ಮುಚ್ಚಿದರು. ನಂತರ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಹುಡುಗಿ 1933ರಲ್ಲಿ ರಾಯಲ್ ಡ್ರಮ್ಯಾಟಿಕ್ ಥಿಯೇಟರಿನ ನಟನಾ ಶಾಲೆ ಸೇರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಸಿನಿಮಾ ಕೈಬೀಸಿ ಕರೆಯಿತು.

1936ರ ಸ್ವೀಡಿಷ್ ಚಿತ್ರ ‘ಇಂಟರ್‌ಮೆಝೊ’ ಇಂಗ್ರಿಡ್ ಅವರ ದಿಕ್ಕು ಬದಲಿಸಿತು. ಅದು ಹಾಲಿವುಡ್ ನಿರ್ಮಾಪಕ ಡೇವಿಡ್ ಸೆಲ್ಝ್‌ನಿಕ್ ಅವರ ನ್ಯೂಯಾರ್ಕ್ ಕಚೇರಿಯ ಗಮನಕ್ಕೆ ಬಂತು. 1939ರಲ್ಲಿ, ದಂತವೈದ್ಯ ಪತಿ ಪೆಟೆರ್ ಲಿಂಡ್‌ಸ್ಟ್ರಮ್ ಅವರನ್ನೂ ಪುಟ್ಟ ಮಗಳು ಪಿಯಾಳನ್ನೂ ಊರಲ್ಲೇ ಬಿಟ್ಟು ಇಂಗ್ರಿಡ್ ಅಮೆರಿಕಕ್ಕೆ ಬಂದಿಳಿದರು. ಹುಬ್ಬು ಕೀಳಿಸಬೇಕು, ಹಲ್ಲು ಸರಿಪಡಿಸಬೇಕು, ಹೆಸರು ಬದಲಿಸಬೇಕು ಎಂದು ಸೆಲ್ಝ್‌ನಿಕ್ ಪಟ್ಟಿ ಹೇಳಿದಾಗ ಆಕೆ ಒಂದಕ್ಕೂ ಒಪ್ಪಲಿಲ್ಲ. ಹಾಗಾದರೆ ವಾಪಸ್ ಹೋಗುತ್ತೇನೆ ಎಂದರು. ಸೆಲ್ಝ್‌ನಿಕ್ ಜಾಣ ವ್ಯಾಪಾರಿ. ಆ ನಿರಾಕರಣೆಯನ್ನೇ ಮಾರಾಟದ ಸರಕು ಮಾಡಿಕೊಂಡರು. ಬಣ್ಣ ಬಳಿಯದ ಮುಖ, ಕೀಳದ ಹುಬ್ಬು, ಸಹಜ ಸುಂದರಿ ಎಂಬ ಪ್ರಚಾರ ಶುರುವಾಯಿತು. ಅದೇ ವರ್ಷ ‘ಇಂಟರ್‌ಮೆಝೊ’ದ ಇಂಗ್ಲಿಷ್ ಆವೃತ್ತಿ ಬಿಡುಗಡೆಯಾದಾಗ, ಹಾಲಿವುಡ್ಡಿನ ಗೊಂಬೆಮುಖಗಳ ನಡುವೆ ಈ ಮುಖ ಜನರಿಗೆ ಪಕ್ಕದ ಮನೆಯ ಹುಡುಗಿಯದೆನಿಸಿತು.

ಬಣ್ಣವಿಲ್ಲದ ಮುಖ ಕಳಂಕವಿಲ್ಲದ ಚಾರಿತ್ರ್ಯವಾಗಲು ತಡವಾಗಲಿಲ್ಲ. ಪ್ರಚಾರ ವಿಭಾಗದವರು ಬರೆದದ್ದೆಲ್ಲ ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಪಾರ್ಟಿಗಳಿಗೆ ಹೋಗದ ಗೃಹಿಣಿ ಎಂದೇ. ಆಕೆಗೆ ಮಾತ್ರ ಒಂದೇ ಬಗೆಯ ಪಾತ್ರದ ಚೌಕಟ್ಟಿನಲ್ಲಿ ಸಿಕ್ಕಿಬೀಳುವುದೆಂದರೆ ಭಯ. 1941ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿ ಮೊದಲು ಸಿಕ್ಕಿದ್ದು ನಾಯಕನಿಗೆ ನಿಶ್ಚಯವಾದ ಸಭ್ಯ ಹುಡುಗಿಯ ಪಾತ್ರ. ಅದನ್ನು ಲಾನಾ ಟರ್ನರ್‌ಗೆ ಬಿಟ್ಟುಕೊಟ್ಟು, ಬಾರಿನಲ್ಲಿ ಕೆಲಸ ಮಾಡುವ ಐವಿಯ ಪಾತ್ರವನ್ನು ತಾನೇ ಕೇಳಿ ಪಡೆದರು. ನಂತರ 1942ರ ‘ಕಾಸಾಬ್ಲಾಂಕಾ’. ಚಿತ್ರೀಕರಣ ನಡೆಯುತ್ತಿದ್ದಾಗಲೂ ಕಥೆಯ ಕೊನೆ ಬರೆದು ಮುಗಿದಿರಲಿಲ್ಲ. ಇಬ್ಬರು ಗಂಡಸರಲ್ಲಿ ತನ್ನ ಪಾತ್ರ ಯಾರನ್ನು ಪ್ರೀತಿಸುತ್ತದೆ ಎಂದು ನಿರ್ದೇಶಕ ಕರ್ಟಿಝ್ ಅವರನ್ನು ಕೇಳಿದರೆ, ಸದ್ಯಕ್ಕೆ ನಡುವೆ ಎಲ್ಲೋ ಇರಲಿ ಎಂಬ ಉತ್ತರ ಬರುತ್ತಿತ್ತಂತೆ. ಇಂದಿಗೂ ಆ ಮುಖದಲ್ಲಿ ಕಾಣುವ ತೊಳಲಾಟದ ಅರ್ಧ ಗುಟ್ಟು ಇದೇ.

1944ರ ‘ಗ್ಯಾಸ್‌ಲೈಟ್’ಗೆ ಆಸ್ಕರ್ ಬಂತು. ಮರುವರ್ಷ ‘ದ ಬೆಲ್ಸ್ ಆಫ್ ಸೇಂಟ್ ಮೇರೀಸ್’ನಲ್ಲಿ ಕ್ರೈಸ್ತ ಸನ್ಯಾಸಿನಿಯಾದರು. ಶಾಲೆಯಲ್ಲಿ ಪೆಟ್ಟು ತಿಂದು ಬಂದ ಹುಡುಗನಿಗೆ ಬಾಕ್ಸಿಂಗ್ ಕಲಿಸುವ, ನಗುಮುಖದ ಸಿಸ್ಟರ್ ಬೆನೆಡಿಕ್ಟ್. ಚಿತ್ರ ಭರ್ಜರಿಯಾಗಿ ಓಡಿತು. 1946ರಲ್ಲಿ ಬ್ರಾಡ್‌ವೇ ರಂಗಮಂದಿರದಲ್ಲಿ ಜೋನ್ ಆಫ್ ಆರ್ಕ್ ಕುರಿತ ನಾಟಕ, 1948ರಲ್ಲಿ ಅದೇ ಸಂತಳ ಮೇಲೆ ದೊಡ್ಡ ವೆಚ್ಚದ ಬಣ್ಣದ ಸಿನಿಮಾ. ಜನ ಪಾತ್ರವನ್ನೂ ವ್ಯಕ್ತಿಯನ್ನೂ ಒಂದೇ ಎಂದು ನಂಬಿಬಿಟ್ಟರು.

ಆ ನಾಟಕದ ಹೊತ್ತಿನ ಒಂದು ಪ್ರಸಂಗ ಹೇಳದಿದ್ದರೆ ಆಕೆಗೆ ಅನ್ಯಾಯವಾದೀತು. ನ್ಯೂಯಾರ್ಕಿಗೆ ಮೊದಲು ನಾಟಕ ವಾಷಿಂಗ್ಟನ್ನಿನ ಲಿಸ್ನರ್ ಆಡಿಟೋರಿಯಂನಲ್ಲಿ ಪ್ರಯೋಗಗೊಂಡಿತು. ಅಲ್ಲಿಗೆ ಕಪ್ಪು ಜನರಿಗೆ ಪ್ರವೇಶವಿಲ್ಲವೆಂದು ಇಂಗ್ರಿಡ್‌ಗೆ ಗೊತ್ತಾದದ್ದು ಕರಾರಿಗೆ ಸಹಿ ಹಾಕಿದ ಮೇಲೆ. ಪತ್ರಕರ್ತರ ಮುಂದೆ ಅದನ್ನು ನೇರವಾಗಿ ಖಂಡಿಸಿದರು. ಮೊದಲೇ ತಿಳಿದಿದ್ದರೆ ಈ ಊರಿಗೆ ಕಾಲಿಡುತ್ತಿರಲಿಲ್ಲ ಎಂದರು. ಅಮೆರಿಕದ ರಾಜಧಾನಿಯಲ್ಲಿ ನಿಂತು ಒಬ್ಬ ವಿದೇಶಿ ನಟಿ ಹಾಗೆ ಹೇಳುವುದಕ್ಕೆ ಅಂದು ಎದೆಗಾರಿಕೆ ಬೇಕಿತ್ತು. ನಾಲ್ಕು ವರ್ಷದ ನಂತರ ಆಕೆಯ ನೈತಿಕತೆಯನ್ನು ತೂಗಲು ಕುಳಿತವರ ತಕ್ಕಡಿಗೆ ಈ ಮಾತು ಬೀಳಲೇ ಇಲ್ಲ.

1948ರ ವೇಳೆಗೆ ಇಂಗ್ರಿಡ್‌ಗೆ ಹಾಲಿವುಡ್ ಸಾಕಾಗಿತ್ತು. ಎಲ್ಲವೂ ಸ್ಟುಡಿಯೊ ಒಳಗಿನ ಗೋಡೆ, ಸ್ಟುಡಿಯೊ ಒಳಗಿನ ಆಕಾಶ. ಆಗ ರೊಸ್ಸೆಲ್ಲಿನಿಯ ‘ರೋಮ್, ಓಪನ್ ಸಿಟಿ’ ಕಂಡರು. ಯುದ್ಧದ ಹೊಗೆ ಇನ್ನೂ ಆರದ ಬೀದಿಗಳಲ್ಲಿ ತೆಗೆದ ಚಿತ್ರ. ಬೀದಿಯಲ್ಲಿ ಓಡುತ್ತ ಗುಂಡೇಟಿಗೆ ಬೀಳುವ ಅನ್ನಾ ಮಾನ್ಯಾನಿ. ಕೆಲ ತಿಂಗಳ ನಂತರ ಅದೇ ನಿರ್ದೇಶಕನ ‘ಪೈಸಾ’ ನೋಡಿದರು. ಥಿಯೇಟರಿನಲ್ಲಿ ಜನವೇ ಇರಲಿಲ್ಲ. ಇಂಥ ಚಿತ್ರ ಮಾಡಿದವನಿಗೆ ಒಂದು ಕಾಗದ ಬರೆಯಬೇಕೆನ್ನಿಸಿತು. ಸ್ವೀಡಿಷ್ ನಟಿಯೊಬ್ಬಳು ಬೇಕಿದ್ದರೆ ತಾನು ಬರಲು ಸಿದ್ಧ. ಇಂಗ್ಲಿಷ್ ಬರುತ್ತದೆ, ಜರ್ಮನ್ ಮರೆತಿಲ್ಲ, ಇಟಾಲಿಯನ್‌ನಲ್ಲಿ ಮಾತ್ರ ಪ್ರೀತಿಸುತ್ತೇನೆ ಎಂಬ ಎರಡು ಪದ ಬಿಟ್ಟರೆ ಬೇರೇನೂ ಬಾರದು ಎಂಬುದು ಅದರ ಒಕ್ಕಣೆ. ಮುಂದೆ ಇದನ್ನು ಪ್ರೇಮಪತ್ರವೆಂದೇ ಓದಿದವರು ಬಹಳ. ನಾನು ಅದನ್ನು ಕೆಲಸ ಕೇಳಿ ಬರೆದ ಕಾಗದವೆಂದೇ ಓದುತ್ತೇನೆ. ಬದುಕಿಡೀ ಈ ಹೆಂಗಸು ಹಂಬಲಿಸಿದ್ದು ಒಳ್ಳೆಯ ಕೆಲಸಕ್ಕೆ.

1949ರ ಮಾರ್ಚಿನಲ್ಲಿ ರೋಮ್‌ಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಜನಸಾಗರ. ಚಿತ್ರೀಕರಣ ನಡೆದದ್ದು ಸಿಸಿಲಿಯ ಉತ್ತರಕ್ಕೆ, ಸಮುದ್ರದ ನಡುವೆ ಸದಾ ಹೊಗೆಯಾಡುವ ಜ್ವಾಲಾಮುಖಿಯ ದ್ವೀಪ ಸ್ಟ್ರಾಂಬೊಲಿಯಲ್ಲಿ. ಕರೆಂಟಿಲ್ಲ. ಕೈಯಲ್ಲಿ ಪೂರ್ತಿ ಬರೆದ ಚಿತ್ರಕಥೆಯಿಲ್ಲ. ಜೊತೆಗೆ ನಟಿಸುವವರು ಅಲ್ಲಿನ ಬೆಸ್ತರು. ಯಾವಾಗ ಮಾತಾಡಬೇಕು ಎಂದು ಅವರಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ರೊಸ್ಸೆಲ್ಲಿನಿ ಅವರ ಕಾಲ್ಬೆರಳಿಗೆ ದಾರ ಕಟ್ಟಿ, ಸಂಭಾಷಣೆಯ ಹೊತ್ತಿಗೆ ಅದನ್ನು ಎಳೆಯುತ್ತಿದ್ದರು. ಏನು ಹೇಳಬೇಕೆಂಬುದು ಬೆಸ್ತರಿಗೇ ಬಿಟ್ಟದ್ದು. ಎದುರು ನಿಂತ ಹಾಲಿವುಡ್ಡಿನ ಮಹಾತಾರೆಗೆ ತನ್ನ ಮಾತು ಎಲ್ಲಿ ಶುರುವಾಗಬೇಕೆಂದೇ ಗೊತ್ತಾಗದೆ ಒದ್ದಾಟ. ಅದೇ ಬೇಸಿಗೆಯಲ್ಲಿ, ಕಣ್ಣಳತೆಯ ದೂರದ ಇನ್ನೊಂದು ದ್ವೀಪದಲ್ಲಿ ಅನ್ನಾ ಮಾನ್ಯಾನಿ ‘ವುಲ್ಕಾನೊ’ ಚಿತ್ರದಲ್ಲಿ ನಟಿಸುತ್ತಿದ್ದರು. ಇಂಗ್ರಿಡ್ ಬರುವ ತನಕ ರೊಸ್ಸೆಲ್ಲಿನಿಯ ಸಂಗಾತಿಯಾಗಿದ್ದವರು ಅವರೇ. ಇಟಲಿಯ ಪತ್ರಿಕೆಗಳು ಇದಕ್ಕೆ ಜ್ವಾಲಾಮುಖಿಗಳ ಯುದ್ಧವೆಂದು ಹೆಸರಿಟ್ಟು ಹಬ್ಬ ಮಾಡಿದವು.

ಅಮೆರಿಕದಿಂದ ಬರುತ್ತಿದ್ದ ಕಾಗದಗಳ ಧಾಟಿಯೇ ಬೇರೆ. ಹಾಲಿವುಡ್ಡಿನ ಸೆನ್ಸಾರ್ ಮುಖ್ಯಸ್ಥ ಜೋಸೆಫ್ ಬ್ರೀನ್, ಪತಿ ಮತ್ತು ಮಗಳನ್ನು ಬಿಡುತ್ತೀರೆಂಬ ವದಂತಿಯನ್ನು ಬಹಿರಂಗವಾಗಿ ಅಲ್ಲಗಳೆಯಿರಿ, ಇಲ್ಲವಾದರೆ ನಿಮ್ಮ ವೃತ್ತಿಯೇ ಮುಗಿದೀತು ಎಂದು ಬರೆದರು. ‘ಜೋನ್ ಆಫ್ ಆರ್ಕ್’ ನಿರ್ಮಾಪಕ ವಾಲ್ಟರ್ ವೇಂಗರ್ ತಂತಿಯ ಮೇಲೆ ತಂತಿ ಕಳಿಸಿದರು. ಸಂತಳ ಪಾತ್ರ ಮಾಡಿದವಳ ಹೆಸರು ಕೆಟ್ಟರೆ ಚಿತ್ರದ ಗಳಿಕೆ ಏನಾದೀತೆಂಬ ಚಿಂತೆ ಅವರದು. ಡಿಸೆಂಬರ್ 12ರಂದು ಅಂಕಣಗಾರ್ತಿ ಲೂಯೆಲ್ಲಾ ಪಾರ್ಸನ್ಸ್ ಇಂಗ್ರಿಡ್ ಗರ್ಭಿಣಿಯೆಂಬ ಸುದ್ದಿಯನ್ನು ಮುಖಪುಟಕ್ಕೆ ತಂದರು. 1950ರ ಫೆಬ್ರುವರಿ 2ರಂದು ಹೆರಿಗೆಯಾದಾಗ ರೋಮ್‌ನ ಆಸ್ಪತ್ರೆಯ ಸುತ್ತ ಫೋಟೊಗ್ರಾಫರುಗಳ ಮುತ್ತಿಗೆ. ಮಗುವಿನ ಜನನ ನೋಂದಣಿಯಲ್ಲಿ ತಂದೆಯ ಹೆಸರಿತ್ತು, ತಾಯಿಯದು ಇರಲಿಲ್ಲ. ತಾಯಿಯ ಹೆಸರು ಕಾಣಿಸಿದರೆ, ಆಕೆ ಕಾನೂನಿನ ಕಣ್ಣಲ್ಲಿ ಇನ್ನೂ ಲಿಂಡ್‌ಸ್ಟ್ರಮ್ ಪತ್ನಿಯಾದ್ದರಿಂದ, ಮಗು ಲಿಂಡ್‌ಸ್ಟ್ರಮ್‌ದೇ ಎಂದಾಗುತ್ತಿತ್ತು. ಹೆತ್ತವಳು ಯಾರೆಂದು ಜಗತ್ತಿಗೆಲ್ಲ ಗೊತ್ತು. ಕಾಗದದಲ್ಲಿ ಮಾತ್ರ ಆಕೆ ಅನಾಮಿಕೆ. ಮೆಕ್ಸಿಕೊದಲ್ಲಿ ವಕೀಲರ ಮೂಲಕ ವಿಚ್ಛೇದನ, ಮೇ ತಿಂಗಳಲ್ಲಿ ಅಲ್ಲೇ ವಕೀಲರ ಮೂಲಕವೇ ಮದುವೆ. ಮದುಮಕ್ಕಳಿಬ್ಬರೂ ಇದ್ದದ್ದು ಇಟಲಿಯಲ್ಲಿ.

ಹೆರಿಗೆಯಾಗಿ ಎರಡು ವಾರ ತುಂಬುವ ಮೊದಲೇ ‘ಸ್ಟ್ರಾಂಬೊಲಿ’ ಅಮೆರಿಕದಲ್ಲಿ ತೆರೆಕಂಡಿತು. ಹಣ ಹಾಕಿದ್ದು ಹವರ್ಡ್ ಹ್ಯೂಸ್ ಒಡೆತನದ ಆರ್‌ಕೆಓ. ಬೆಂಕಿ ಉಗುಳುವ ಬೆಟ್ಟವನ್ನೂ ಹಗರಣವನ್ನೂ ಬೆಸೆದ ಆ ಕಂಪನಿಯ ಜಾಹೀರಾತುಗಳೇ ಸೆನೆಟರ್ ಜಾನ್ಸನ್ನರನ್ನು ಮೊದಲು ಕೆರಳಿಸಿದ್ದು. ಒಂದು ಕಡೆ ಹಗರಣವನ್ನು ಮಾರಿ ಕಾಸು ಮಾಡುವವರು, ಇನ್ನೊಂದು ಕಡೆ ಹಗರಣವನ್ನು ಶಪಿಸಿ ಹೆಸರು ಮಾಡುವವರು. ಕೆಲವು ಊರುಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಉಳಿದೆಡೆ ಕುತೂಹಲಕ್ಕೆ ಬಂದವರು ಬರಿಗೈಲಿ ಮರಳಿದರು; ಅವರು ನಿರೀಕ್ಷಿಸಿದ್ದ ರಸಿಕತೆ ಆ ಬೂದಿಬಣ್ಣದ ಚಿತ್ರದಲ್ಲಿ ಇರಲಿಲ್ಲ. ಜಾನ್ಸನ್ನರ ಮಸೂದೆ ಕಾನೂನಾಗಲಿಲ್ಲ. ಆದರೂ ಇಂಗ್ರಿಡ್ ಸುಮಾರು ಏಳು ವರ್ಷ ಅಮೆರಿಕಕ್ಕೆ ಕಾಲಿಡಲಿಲ್ಲ.

ಆ ವರ್ಷಗಳ ನಿಜವಾದ ನೋವು ಸೆನೆಟ್ಟಿನ ಬೈಗುಳವಲ್ಲ, ಪಿಯಾ. 1952ರಲ್ಲಿ ಮಗಳನ್ನು ಬೇಸಿಗೆ ರಜೆಗೆ ಇಟಲಿಗೆ ಕಳಿಸಿಕೊಡಬೇಕೆಂದು ಇಂಗ್ರಿಡ್ ಅಮೆರಿಕದ ನ್ಯಾಯಾಲಯವನ್ನು ಕೇಳಿದರು. ಹದಿಮೂರರ ಹುಡುಗಿಯನ್ನು ಕರೆಸಿ ಪ್ರಶ್ನಿಸಿದಾಗ, ತನಗೆ ತಂದೆಯ ಜೊತೆಯೇ ಇರಬೇಕು, ಇಟಲಿಗೆ ಹೋಗಲು ಇಷ್ಟವಿಲ್ಲ ಎಂದಳು. ಮರುದಿನ ಅದನ್ನು ಇಡೀ ಲೋಕ ಪತ್ರಿಕೆಗಳಲ್ಲಿ ಓದಿತು. ತಾಯಿ ಮಗಳು ಮತ್ತೆ ಮುಖ ನೋಡಿದ್ದು 1957ರಲ್ಲಿ. ಇಲ್ಲಿ ಇಂಗ್ರಿಡ್ ಪರವಾಗಿ ವಾದ ಹೂಡುವ ಉಮೇದು ನನಗಿಲ್ಲ. ಹತ್ತು ವರ್ಷದ ಮಗುವನ್ನು ಬಿಟ್ಟು ಬಂದದ್ದರ ಬೆಲೆಯನ್ನು ಆ ಮಗುವೂ ತೆತ್ತಿತು. ಆದರೆ ಅದು ಒಂದು ಮನೆಯೊಳಗಿನ ಲೆಕ್ಕ. ಶಾಸನಸಭೆಗೂ ಸ್ಟುಡಿಯೊಗಳಿಗೂ ಅದರಲ್ಲಿ ಯಾವ ಪಾಲೂ ಇರಲಿಲ್ಲ.

ರೊಸ್ಸೆಲ್ಲಿನಿಯ ಜೊತೆ ಮಾಡಿದ ಚಿತ್ರಗಳು ಒಂದರ ಹಿಂದೆ ಒಂದು ನೆಲಕಚ್ಚಿದವು. ಬೇರೆಯವರ ಚಿತ್ರದಲ್ಲಿ ನಟಿಸಲು ಗಂಡ ಒಪ್ಪುತ್ತಿರಲಿಲ್ಲ. 1952ರಲ್ಲಿ ಹುಟ್ಟಿದ ಅವಳಿ ಹೆಣ್ಣುಮಕ್ಕಳೂ ಸೇರಿ ಮೂವರು ಎಳೆಯರು, ಮೇಲೆ ಸಾಲದ ಹೊರೆ. ಇಂಥ ದಿನಗಳಲ್ಲಿ ತಯಾರಾದದ್ದು ‘ಜರ್ನಿ ಟು ಇಟಲಿ’, 1954ರಲ್ಲಿ ಬಿಡುಗಡೆಯಾಯಿತು. ಮುರಿದು ಬೀಳುತ್ತಿರುವ ದಾಂಪತ್ಯ; ನೇಪಲ್ಸ್‌ಗೆ ಬಂದ ಇಂಗ್ಲಿಷ್ ಗಂಡ ಹೆಂಡತಿ. ವಿಚ್ಛೇದನದ ಮಾತಾಡಿಕೊಂಡ ಹೊತ್ತಿನಲ್ಲೇ ಇಬ್ಬರನ್ನೂ ಪಾಂಪೇಯಿಯ ಉತ್ಖನನಕ್ಕೆ ಕರೆದೊಯ್ಯುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಬೂದಿಯಡಿ ಸತ್ತವರ ದೇಹ ಕರಗಿ ಉಳಿದ ಪೊಳ್ಳಿಗೆ ಪ್ಲಾಸ್ಟರ್ ಹುಯ್ದಿದ್ದಾರೆ. ಕೆಲಸದವರು ಕುಂಚದಿಂದ, ಬೆರಳಿನಿಂದ ಮಣ್ಣು ಸವರುತ್ತಾರೆ. ಮೊದಲು ಒಂದು ಕಾಲು, ಆಮೇಲೆ ತೋಳು, ಹಲ್ಲುಗಳಿರುವ ತಲೆ. ಕೊನೆಗೆ ಗೊತ್ತಾಗುತ್ತದೆ, ಅದು ಒಟ್ಟಿಗೆ ಮಲಗಿದ್ದ ಒಬ್ಬ ಗಂಡು, ಒಬ್ಬ ಹೆಣ್ಣು. ಇಂಗ್ರಿಡ್ ಮುಖ ತಿರುಗಿಸಿ ಅಳುತ್ತ ನಡೆದುಬಿಡುತ್ತಾರೆ. ಹಾಲಿವುಡ್ಡಿನಲ್ಲಿ ಅವರ ಕಣ್ಣೀರಿಗೆ ಬೆಳಕು ಹಿಡಿಯಲೆಂದೇ ಕ್ಯಾಮೆರಾಮನ್‌ಗಳಿದ್ದರು. ಇಲ್ಲಿ ಬಿಸಿಲು, ಧೂಳು, ಅಸ್ತವ್ಯಸ್ತ ಕೂದಲು. ನನ್ನ ಮಟ್ಟಿಗೆ ಇಂಗ್ರಿಡ್ ಬರ್ಗ್‌ಮನ್ ನಟನೆಯ ಶಿಖರ ಈ ಕೆಲವು ನಿಮಿಷಗಳು, ‘ಕಾಸಾಬ್ಲಾಂಕಾ’ ಅಲ್ಲ. ಅಂದಿನ ಪ್ರೇಕ್ಷಕ ಚಿತ್ರವನ್ನು ತಿರಸ್ಕರಿಸಿದ. ಪ್ಯಾರಿಸ್ಸಿನ ‘ಕಾಯೇ ದು ಸಿನೆಮಾ’ ಪತ್ರಿಕೆಯ ಯುವಕರು, ಮುಂದೆ ತಾವೇ ನಿರ್ದೇಶಕರಾಗಲಿದ್ದ ಝಾಕ್ ರಿವೆಟ್‌ರಂಥವರು, ಮಾತ್ರ ಆಧುನಿಕ ಸಿನಿಮಾ ಇಲ್ಲಿಂದ ಶುರುವಾಯಿತೆಂದು ಘೋಷಿಸಿದರು.

ಅಮೆರಿಕದ ಮುನಿಸು ಕರಗಿದ್ದು 1956ರ ‘ಅನಸ್ತಾಸಿಯಾ’ದಿಂದ. ಕಳೆದುಹೋದ ರಾಜಕುಮಾರಿ ನಿಜವೋ ಸುಳ್ಳೋ ಎಂದು ಎಲ್ಲರೂ ಪರೀಕ್ಷಿಸುವ ಪಾತ್ರ. ಅದರ ಬಿಡುಗಡೆಗೆ ಮೊದಲು ಟಿವಿ ನಿರೂಪಕ ಎಡ್ ಸಲಿವನ್, ಈಕೆ ಸಾಕಷ್ಟು ಪ್ರಾಯಶ್ಚಿತ್ತ ಅನುಭವಿಸಿಯಾಯಿತು, ನಮ್ಮ ಕಾರ್ಯಕ್ರಮಕ್ಕೆ ಕರೆಯೋಣವೇ ಬೇಡವೇ ಎಂದು ಪ್ರೇಕ್ಷಕರ ಅಭಿಪ್ರಾಯ ಕೇಳಿದರು. ಒಬ್ಬ ಕಲಾವಿದೆಯನ್ನು ಹೀಗೆ ಮತಕ್ಕೆ ಹಾಕಿದ್ದು ಹಲವರಿಗೆ ಹಿಡಿಸಲಿಲ್ಲ. 1957ರ ಜನವರಿಯಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಲು ನ್ಯೂಯಾರ್ಕಿಗೆ ಬಂದಿಳಿದಾಗ ಸ್ವಾಗತ ಬೆಚ್ಚಗಿತ್ತು. ಮಾರ್ಚಿನಲ್ಲಿ ಎರಡನೆಯ ಆಸ್ಕರ್. ಅದನ್ನು ಅವರ ಪರವಾಗಿ ಸ್ವೀಕರಿಸಿದವರು ಕಷ್ಟಕಾಲದಲ್ಲೂ ಕೈಬಿಡದ ಗೆಳೆಯ ಕ್ಯಾರಿ ಗ್ರಾಂಟ್.

ಅದೇ ಹೊತ್ತಿಗೆ ಕಥೆಯ ಇನ್ನೊಂದು ಎಳೆ ನಮ್ಮ ದೇಶದೊಳಗೆ ಬಂತು. 1956ರ ಕೊನೆಯಲ್ಲಿ ಭಾರತದ ಮೇಲೊಂದು ಚಿತ್ರ ತೆಗೆಯಲು ಬಂದ ರೊಸ್ಸೆಲ್ಲಿನಿ, ಸಾಕ್ಷ್ಯಚಿತ್ರ ನಿರ್ದೇಶಕ ಹರಿಸಾಧನ್ ದಾಸ್‌ಗುಪ್ತರ ಪತ್ನಿ ಸೋನಾಲಿಯನ್ನು ಪ್ರೀತಿಸಿದರು. ಮುಂಬಯಿಯ ಪತ್ರಿಕೆಗಳು ಸೋನಾಲಿಯ ಬೆನ್ನುಬಿದ್ದ ರೀತಿ, ರೋಮ್‌ನ ಆಸ್ಪತ್ರೆಯ ಸುತ್ತ ಏಳು ವರ್ಷದ ಹಿಂದೆ ನಡೆದದ್ದರ ಮರುಪ್ರದರ್ಶನದಂತಿತ್ತು. ಎರಡೂ ಕಡೆ ಗಂಡಸು ಒಬ್ಬನೇ. ಎರಡೂ ಕಡೆ ನಿಂದೆಯ ಸಿಂಹಪಾಲು ಬಂದದ್ದು ಹೆಂಗಸಿನ ಪಾಲಿಗೆ. ಇಂಗ್ರಿಡ್ ಮತ್ತು ರೊಸ್ಸೆಲ್ಲಿನಿ 1957ರಲ್ಲೇ ಬೇರ್ಪಟ್ಟರು. ಈ ಗದ್ದಲದ ನಡುವೆಯೂ ಮುಗಿದು 1959ರಲ್ಲಿ ಕಾನ್ ಉತ್ಸವಕ್ಕೆ ಹೋದ ‘ಇಂಡಿಯಾ: ಮಾತೃಭೂಮಿ’ಯಲ್ಲಿ ನಮ್ಮ ಮೈಸೂರು ಸೀಮೆಯ ಕಾರಾಪುರದ ಕಾಡಿದೆ: ಮರದ ದಿಮ್ಮಿ ಎಳೆಯುವ ಆನೆಗಳು, ಅವುಗಳ ಮೈ ತಿಕ್ಕುವ ಮಾವುತರು, ಗೊಂಬೆಯಾಟದವನ ಮಗಳನ್ನು ಮೆಚ್ಚಿದ ಒಬ್ಬ ಹುಡುಗ. ಕನ್ನಡಿಗರು ಹುಡುಕಿ ನೋಡಬೇಕಾದ ಚಿತ್ರ ಅದು.

ಮುಂದಿನ ವರ್ಷಗಳ ಹಾದಿ ಸಲೀಸು. ಸ್ವೀಡನ್ನಿನ ನಾಟಕ ನಿರ್ಮಾಪಕ ಲಾರ್ಸ್ ಶ್ಮಿಟ್ ಜೊತೆ ಮದುವೆ, ರಂಗಭೂಮಿ, ಟಿವಿ, ಆಗೊಂದು ಈಗೊಂದು ಸಿನಿಮಾ. 1972ರ ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದ ಸೆನೆಟರ್ ಚಾರ್ಲ್ಸ್ ಪರ್ಸಿ, ಇಪ್ಪತ್ತೆರಡು ವರ್ಷದ ಹಿಂದೆ ಅದೇ ಸಭೆಯಲ್ಲಿ ಆಡಿದ ಮಾತುಗಳಿಗೆ ವಿಷಾದ ಸೂಚಿಸಿ, ಅದನ್ನು ಕಡತಕ್ಕೆ ಸೇರಿಸಿದರು. ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಲ್ಲಿ ದೊಡ್ಡ ಪಾತ್ರ ಕೊಡಲು ಹೋದರೆ, ಆಕೆ ಸ್ವೀಡಿಷ್ ಮತಪ್ರಚಾರಕಿಯ ಚಿಕ್ಕ ಪಾತ್ರವನ್ನೇ ಆರಿಸಿಕೊಂಡು, ಒಂದೇ ಉದ್ದನೆಯ ಶಾಟ್‌ನಲ್ಲಿ ತನ್ನ ಮುಖ್ಯ ದೃಶ್ಯ ಮುಗಿಸಿ, ಮೂರನೆಯ ಆಸ್ಕರ್ ಪಡೆದರು. ವೇದಿಕೆಯ ಮೇಲೆ ನಿಂತು, ಇದು ವಲೆಂತಿನಾ ಕೊರ್ತೆಸೆಗೆ ಸಲ್ಲಬೇಕಿತ್ತು ಎಂದರು.

ಅಷ್ಟರಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಆ ಸ್ಥಿತಿಯಲ್ಲೇ ‘ಆಟಮ್ ಸೊನಾಟಾ’ ಬಂತು, 1978ರಲ್ಲಿ. ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್. ಇಬ್ಬರದೂ ಒಂದೇ ಮನೆತನದ ಹೆಸರು, ನಂಟಸ್ತಿಕೆ ಇಲ್ಲ. ಸಂಗೀತಕ್ಕಾಗಿ ಮಕ್ಕಳನ್ನು ಮರೆತ ಪಿಯಾನೊ ವಾದಕಿಯ ಪಾತ್ರ. ಇಷ್ಟು ವರ್ಷ ಯಾವ ತಾಯಿ ಮಕ್ಕಳನ್ನು ಬಿಟ್ಟಿರುತ್ತಾಳೆ ಎಂದು ಇಂಗ್ರಿಡ್ ಸಂಭಾಷಣೆಯ ಮೇಲೆ ನಿರ್ದೇಶಕರ ಜೊತೆ ಜಗಳವಾಡಿದರು. ಆ ಜಗಳದ ಬಿಸಿಯೆಲ್ಲ ತೆರೆಯ ಮೇಲಿದೆ. ಮಗಳು ಶೋಪ್ಯಾನನ ಒಂದು ಪುಟ್ಟ ಪ್ರೆಲ್ಯೂಡನ್ನು ತಡವರಿಸುತ್ತ ನುಡಿಸುತ್ತಾಳೆ. ಕ್ಯಾಮೆರಾ ನೋಡುವುದು ತಾಯಿಯ ಮುಖವನ್ನು: ಮೊದಲು ಮೆಚ್ಚುಗೆಯ ನಗು, ಆಮೇಲೆ ಅಸಹನೆ, ಕನಿಕರ, ಕಣ್ಣಂಚಿನ ನೀರು. ನಂತರ ಅದೇ ಕೃತಿಯನ್ನು ಹೇಗೆ ನುಡಿಸಬೇಕೆಂದು ತಾಯಿ ತೋರಿಸಿಕೊಡುತ್ತಾಳೆ, ಪಕ್ಕದಲ್ಲಿ ಕುಳಿತ ಮಗಳಾಗಿ ಲಿವ್ ಉಲ್ಮನ್ ಅವಳನ್ನೇ ದಿಟ್ಟಿಸುತ್ತಾರೆ. ಒಳ್ಳೆಯ ತಾಯಿ ಎಂಬ ಪ್ರಚಾರವನ್ನೂ ಕೆಟ್ಟ ತಾಯಿ ಎಂಬ ನಿಂದೆಯನ್ನೂ ಕಂಡುಂಡ ಹೆಂಗಸಷ್ಟೇ ಆ ಮುಖವನ್ನು ಕೊಡಬಲ್ಲಳು.

ಕೊನೆಯ ಕೆಲಸ ಟಿವಿಗಾಗಿ ಮಾಡಿದ ಗೋಲ್ಡಾ ಮೇಯರ್ ಪಾತ್ರ. ಬಲಗೈ ಊದಿಕೊಂಡಿತ್ತು, ಕೈ ಕಾಣಿಸಬೇಕಾದ ದೃಶ್ಯಕ್ಕೆಂದು ಹಿಂದಿನ ರಾತ್ರಿಯೆಲ್ಲ ಅದನ್ನು ಮೇಲಕ್ಕೆ ಕಟ್ಟಿಕೊಂಡು ಊತ ಇಳಿಸಿದ್ದರು. 1982ರ ಆಗಸ್ಟ್ 29ರಂದು, ಅರವತ್ತೇಳನೆಯ ಹುಟ್ಟುಹಬ್ಬದ ದಿನವೇ, ಲಂಡನ್ನಿನಲ್ಲಿ ತೀರಿಕೊಂಡರು. ಆ ಪಾತ್ರಕ್ಕೆ ಬಂದ ಎಮ್ಮಿ ಪ್ರಶಸ್ತಿಯನ್ನು ಮರುತಿಂಗಳು ವೇದಿಕೆಗೆ ಹೋಗಿ ತಾಯಿಯ ಪರವಾಗಿ ಸ್ವೀಕರಿಸಿದವರು ಪಿಯಾ.

ಈಗ ‘ಸ್ಟ್ರಾಂಬೊಲಿ’ ನೋಡಬೇಕೆನ್ನುವವರು ಒಂದು ವಿಷಯ ಗಮನಿಸಬೇಕು. 1950ರಲ್ಲಿ ಆರ್‌ಕೆಓ ಅಮೆರಿಕಕ್ಕೆ ಬಿಡುಗಡೆ ಮಾಡಿದ್ದು ಬೇಕಾಬಿಟ್ಟಿ ಕತ್ತರಿಸಿದ 81 ನಿಮಿಷದ ಆವೃತ್ತಿ. ಅದು ತನ್ನ ಚಿತ್ರವೇ ಅಲ್ಲ ಎಂದಿದ್ದರು ರೊಸ್ಸೆಲ್ಲಿನಿ. ಅದರ ಕೊನೆಯಲ್ಲಿ ಹಿನ್ನೆಲೆಯ ಧ್ವನಿಯೊಂದು ಬಂದು, ನಾಯಕಿ ಕಾರಿನ್‌ಗೆ ದೇವರು ಸಿಕ್ಕ, ಅವಳು ಗಂಡನ ಮನೆಗೆ ಮರಳುತ್ತಾಳೆ ಎಂದು ಹೇಳಿ ಮುಗಿಸುತ್ತದೆ. ಉದ್ದದ ಆವೃತ್ತಿಯಲ್ಲಿ ಆ ಧ್ವನಿಯಿಲ್ಲ. ಬಸುರಿ ಕಾರಿನ್ ಜ್ವಾಲಾಮುಖಿಯ ಬಾಯಂಚಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಎದ್ದು, ಮರಳಿ ಹೋಗಲಾರೆ ಎನ್ನುತ್ತಾಳೆ, ದೇವರನ್ನು ಕೂಗಿ ಕರೆಯುತ್ತಾಳೆ. ಹೋದಳೋ ಇಲ್ಲವೋ ಚಿತ್ರ ಹೇಳುವುದಿಲ್ಲ. ನೋಡಬೇಕಾದ್ದು ಅದನ್ನು.